ಹಿರಿಯರಿಗೆ ‘ತಡೆಯಿರಿ’ ಎನ್ನುವ ವಿದ್ಯೆ

ಹುಬ್ಬಳ್ಳಿ, ಕಲಬುರಗಿ, ಬೀದರ, ಶಿವಮೊಗ್ಗದಂತಹ ನಮ್ಮ ಊರುಗಳ ಜನಸಾಮಾನ್ಯರಿಗೆ ವಿಮಾನವೆಂಬುದು ಬಹುಕಾಲ ತಲೆಯೆತ್ತಿ ನೋಡುವ ವಸ್ತುವಾಗಿತ್ತೇ ಹೊರತು ಹತ್ತಿ ಕೂರುವ ವಾಹನವಾಗಿರಲಿಲ್ಲ. 2003ರ ಆಗಸ್ಟ್ ತಿಂಗಳಿನಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಸಂಸ್ಥೆಯು ಬೆಂಗಳೂರು ಮತ್ತು ಹುಬ್ಬಳ್ಳಿಗಳ ನಡುವೆ ಸಣ್ಣ ವಿಮಾನವನ್ನು ಹಾರಿಸಿದಾಗ ಆ ಅಂತರ ಮೊದಲ ಬಾರಿಗೆ ಕಿರಿದಾಯಿತು. 2017ರಲ್ಲಿ ಉಡಾನ್ ಯೋಜನೆಯ ಹಾರಾಟಗಳು ಆರಂಭವಾದವು. 2019ರ ನವೆಂಬರಿನಲ್ಲಿ ಕಲಬುರಗಿಗೂ, 2020ರ ಫೆಬ್ರವರಿಯಲ್ಲಿ ಬೀದರಕ್ಕೂ, 2023ರಲ್ಲಿ ಶಿವಮೊಗ್ಗೆಗೂ ವಿಮಾನ ಬಂದಿತು. ವಿಮಾನದ ಹಿಂದೆಯೇ ಅದನ್ನು ನಡೆಸಬೇಕೆಂಬ ಹಂಬಲವೂ ನಮ್ಮ ಮಕ್ಕಳ ಮನಸ್ಸಿನೊಳಗೆ ಇಳಿಯಿತು.

ನನ್ನ ಮಗಳು ಇಂದು ಅಂಥದೊಂದು ಪ್ರಾದೇಶಿಕ ವಿಮಾನದಲ್ಲಿ ಸಹಚಾಲಕಿಯಾಗಿದ್ದಾಳೆ. ಮನೆಗೆ ಬಂದ ಬೀಗರು, ನೆಂಟರು, ನೆರೆಹೊರೆಯವರು ನನ್ನಲ್ಲಿ ಕೇಳುವ ಪ್ರಶ್ನೆಗಳು ಎರಡೇ: ಖರ್ಚು ಎಷ್ಟಾಯಿತು? ಪಗಾರ ಎಷ್ಟು ಬರುತ್ತದೆ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಇವೆರಡರ ನಡುವೆ ಇರುವ ಹಾದಿ ಎಂತಹದು, ಅದು ಮಕ್ಕಳಿಂದ ಏನನ್ನು ಬೇಡುತ್ತದೆ ಎಂಬುದನ್ನು ಕೇಳುವವರು ವಿರಳ. ಅದನ್ನು ಓದುಗ ಬಾಂಧವರ ಮುಂದಿಡಬೇಕೆಂದು ಈ ನಾಲ್ಕು ಮಾತು.

ನಾನು ಧಾರವಾಡದಲ್ಲಿ ಮೂವತ್ತೊಂದು ವರ್ಷ ಪದವಿಪೂರ್ವ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಬೋಧಿಸಿದವನು. ಮಗಳು ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಓದಿ, ಪೈಲಟ್ ಆಗುತ್ತೇನೆಂದು ಹೇಳಿದಾಗ ಮೊದಲು ಮಾಡಿಸಿದ್ದು ವೈದ್ಯಕೀಯ ತಪಾಸಣೆ. ಕಣ್ಣು, ಕಿವಿ, ಹೃದಯಗಳು ಒಪ್ಪಿಗೆಯಾಗದ ಹೊರತು ಒಂದು ರೂಪಾಯಿಯನ್ನೂ ಕಟ್ಟಬಾರದೆಂಬುದು ಪರಿಚಿತ ಪೈಲಟ್ ಒಬ್ಬರ ಸಲಹೆಯಾಗಿತ್ತು. ಅನಂತರ ವಿಮಾನಯಾನ ಮಹಾನಿರ್ದೇಶನಾಲಯದ ಪರೀಕ್ಷೆಗಳು ಬಂದವು. ನೌಕಾಯಾನದಂತೆಯೇ ವಾಯುಯಾನಕ್ಕೂ ಇರುವ ದಿಕ್ಕು-ದೂರಗಳ ಗಣಿತ, ಹವಾಮಾನ ಶಾಸ್ತ್ರ, ನಿಯಮಾವಳಿ, ಯಂತ್ರಜ್ಞಾನ ಇವೆಲ್ಲವುಗಳಲ್ಲಿ ನೂರಕ್ಕೆ ಎಪ್ಪತ್ತು ಅಂಕ ಬಂದರೆ ಮಾತ್ರ ಉತ್ತೀರ್ಣ. ಅದರ ಜೊತೆಗೆ 200 ಗಂಟೆಗಳ ಹಾರಾಟ. ಅದರಲ್ಲಿ 100 ಗಂಟೆ ತಾನೇ ವಿಮಾನದ ಹೊಣೆ ಹೊತ್ತು ಹಾರಿಸಿರಬೇಕು. ಈ ಎಲ್ಲಕ್ಕೂ ಊರ ಹೊರಗಿದ್ದ ನಮ್ಮ ನಿವೇಶನವೂ ಬ್ಯಾಂಕಿನ ಸಾಲವೂ ಸೇರಿ ಹೋದವು.

2020ರ ಜನವರಿಯಲ್ಲಿ ವಾಣಿಜ್ಯ ಚಾಲಕಿಯ ಪರವಾನಗಿ ಆಕೆಯ ಕೈಸೇರಿತು. ಆದರೆ ಕಾಲ ಅನುಕೂಲವಾಗಿರಲಿಲ್ಲ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ತನ್ನ ಹಾರಾಟ ನಿಲ್ಲಿಸಿದ್ದರಿಂದ ಸಾವಿರಾರು ಗಂಟೆಗಳ ಅನುಭವವುಳ್ಳ ಚಾಲಕರೇ ಕೆಲಸ ಅರಸುತ್ತಿದ್ದರು. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ಪ್ರಯಾಣಿಕ ವಿಮಾನಗಳೆಲ್ಲ ನೆಲ ಹಿಡಿದು ನಿಂತವು. ಇನ್ನೂರು ಗಂಟೆಗಳ ಹೊಸ ಹುಡುಗಿಯನ್ನು ಯಾರು ಕೇಳುವರು? ಪರವಾನಗಿಯಾದರೋ ಪೆಟ್ಟಿಗೆಯಲ್ಲಿಟ್ಟು ಕಾಯುವ ಪದವಿಪತ್ರವಲ್ಲ. ವರ್ಷ ವರ್ಷವೂ ವೈದ್ಯಕೀಯ ತಪಾಸಣೆ ನಡೆಯಬೇಕು, ಉಪಕರಣಗಳ ಆಧಾರದಿಂದ ಹಾರುವ ಅರ್ಹತೆಯನ್ನು ನವೀಕರಿಸಬೇಕು, ಅದಕ್ಕಾಗಿ ಮತ್ತೆ ಹಣ ತೆತ್ತು ಹಾರಬೇಕು. ಆ ಎರಡು ವರ್ಷ ಆಕೆ ಬೆಳಿಗ್ಗೆ ಕಾಲೇಜು ಮಕ್ಕಳಿಗೆ ಗಣಿತದ ಮನೆಪಾಠ ಹೇಳಿ, ಮಧ್ಯಾಹ್ನ ಸಂದರ್ಶನಕ್ಕಾಗಿ ಓದುತ್ತಿದ್ದಳು. ಆ ಅವಧಿಯಲ್ಲಿ ಮೂರು ವರನ ಕಡೆಯವರು ಬಂದು ಹೋದರು. “ಕೆಲಸ ಸಿಗದಿದ್ದರೇನು, ಹುಡುಗಿ ಓದಿದವಳಲ್ಲವೇ” ಎಂದು ಒಬ್ಬರು ಸಮಾಧಾನ ಹೇಳಿದರು. ಆ ಸಮಾಧಾನವೇ ಅವಳನ್ನು ಹೆಚ್ಚು ನೋಯಿಸಿತು.

ಸಿದ್ಧತೆಯಲ್ಲಿ ನನ್ನ ಪಾಲೂ ಇತ್ತು. ಪ್ರತಿದಿನ ಹುಬ್ಬಳ್ಳಿ ನಿಲ್ದಾಣದ ಹವಾಮಾನ ವರದಿಯ ಸಂಕೇತಗಳನ್ನು ಇಬ್ಬರೂ ಕುಳಿತು ಬಿಡಿಸುತ್ತಿದ್ದೆವು. ರನ್‌ವೇಗೆ 30 ಡಿಗ್ರಿ ಓರೆಯಾಗಿ 20 ನಾಟ್ ವೇಗದ ಗಾಳಿ ಬೀಸಿದರೆ ಅಡ್ಡಗಾಳಿ ಎಷ್ಟು? ಹತ್ತು ನಾಟ್, ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದ ಸೈನ್ ಕೋಷ್ಟಕ ಇಲ್ಲಿ ಜೀವರಕ್ಷಕವಾಗಿತ್ತು. ಮಟ್ಟ ಬಿಡದೆ 60 ಡಿಗ್ರಿ ವಾಲಿ ತಿರುಗುವ ವಿಮಾನದ ರೆಕ್ಕೆಗಳು ಎರಡರಷ್ಟು ಭಾರ ಹೊರುತ್ತವೆ. ಆಗ ಅದು ತೇಲುವ ಶಕ್ತಿ ಕಳೆದುಕೊಳ್ಳುವ ವೇಗ ನೂರಕ್ಕೆ ನಲವತ್ತೊಂದರಷ್ಟು ಏರುತ್ತದೆ, ಏಕೆಂದರೆ ಎರಡರ ವರ್ಗಮೂಲ 1.41. ಇಪ್ಪತ್ತು ಸಾವಿರ ಅಡಿ ಎತ್ತರದಿಂದ ಇಳಿಯಬೇಕಾದರೆ ಸುಮಾರು ಅರವತ್ತು ನಾಟಿಕಲ್ ಮೈಲಿ ಮೊದಲೇ ಇಳಿತ ತೊಡಗಬೇಕು. ಸಾವಿರ ಅಡಿಗೆ ಮೂರು ಮೈಲಿ ಎಂಬ ಬಾಯಿಲೆಕ್ಕ. ಎಟಿಆರ್ ವಿಮಾನದ ರೆಕ್ಕೆ ಮೇಲ್ಗಡೆ ಏಕಿದೆ, ಪ್ರೊಪೆಲ್ಲರಿಗೆ ಆರು ಎಲೆಗಳು ಏಕೆ, ಬೇಸಿಗೆಯ ಮಧ್ಯಾಹ್ನ ವಿಮಾನ ಏಕೆ ಹೆಚ್ಚು ದೂರ ಓಡಿ ಏಳುತ್ತದೆ ಎಂಬೆಲ್ಲ ಪ್ರಶ್ನೆಗಳಿಗೂ ಆಕೆ ಉತ್ತರ ಕಂಡುಕೊಂಡಳು.

ಆದರೆ ಒಂದು ಪ್ರಶ್ನೆಗೆ ಮಾತ್ರ ಆಕೆಯ ಉತ್ತರ ತಡವರಿಸುತ್ತಿತ್ತು. “ನಿಮ್ಮ ಕ್ಯಾಪ್ಟನ್ ತಪ್ಪು ಮಾಡುತ್ತಿದ್ದಾರೆಂದು ಕಂಡರೆ ಏನು ಮಾಡುವಿರಿ?” ಎಂಬುದು ಆ ಪ್ರಶ್ನೆ. “ವಿನಯದಿಂದ ಅವರ ಗಮನಕ್ಕೆ ತರುತ್ತೇನೆ” ಎನ್ನುತ್ತಿದ್ದಳು. ಅವರು ಕೇಳದಿದ್ದರೆ? ಅಲ್ಲಿಗೆ ಮಾತು ನಿಲ್ಲುತ್ತಿತ್ತು.

ಇದು ಸಂದರ್ಶನದ ಚಮತ್ಕಾರಕ್ಕಾಗಿ ಕೇಳುವ ಪ್ರಶ್ನೆಯಲ್ಲ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಮಂಜಿನೊಳಗೆ ಡಿಕ್ಕಿ ಹೊಡೆದು 583 ಜನ ಮಡಿದರು. ಎದುರಿನ ವಿಮಾನ ಇನ್ನೂ ರನ್‌ವೇಯಿಂದ ಸರಿದಿಲ್ಲವೇನೋ ಎಂದು ಕೆಎಲ್‌ಎಂ ವಿಮಾನದ ಇಂಜಿನಿಯರು ಸಂಶಯ ವ್ಯಕ್ತಪಡಿಸಿದ್ದರು; ಹಿರಿಯ ಕ್ಯಾಪ್ಟನ್ ಅದನ್ನು ತಳ್ಳಿಹಾಕಿದ ಮೇಲೆ ಅವರು ಮತ್ತೆ ಒತ್ತಿ ಹೇಳಲಿಲ್ಲ. ನಮ್ಮ ನಾಡಿನದೇ ಉದಾಹರಣೆ ಬೇಕೆಂದರೆ, 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಂದಕಕ್ಕೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ 158 ಜನ ಅಸುನೀಗಿದರು. ಸಹಚಾಲಕರು ಮೂರು ಬಾರಿ ‘ಗೋ ಅರೌಂಡ್’, ಎಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ ಎಂದು ಕೂಗಿದ್ದರೂ ವಿಮಾನವನ್ನು ಇಳಿಸುವುದು ಮುಂದುವರಿಯಿತೆಂದು ತನಿಖಾ ವರದಿ ದಾಖಲಿಸಿದೆ. ಇಂತಹ ದುರಂತಗಳ ಪಾಠವನ್ನು ಕಲಿಸುವುದಕ್ಕಾಗಿ, 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ನಡೆಸಿದ ಕಾರ್ಯಾಗಾರದಿಂದ ಮೊದಲ್ಗೊಂಡು, ಒಂದು ಶಿಕ್ಷಣಕ್ರಮವೇ ಬೆಳೆದಿದೆ. ಕಿರಿಯನು ಹೇಳಲು ಕಲಿಯಬೇಕು, ಹಿರಿಯನು ಕೇಳಲು ಕಲಿಯಬೇಕು. ಅದರ ತಿರುಳು ಇಷ್ಟೇ.

ಹೇಳುವುದಕ್ಕೆ ಸುಲಭ. ಆದರೆ ನಮ್ಮ ಮನೆಗಳಲ್ಲಿ ಮಕ್ಕಳು ಮಾತು ಕಲಿಯುವಾಗಲೇ ‘ಹಿರಿಯರಿಗೆ ಎದುರಾಡಬಾರದು’ ಎಂಬ ಪಾಠವನ್ನೂ ಕಲಿಯುತ್ತಾರೆ. ಹೆಣ್ಣುಮಕ್ಕಳಿಗಂತೂ ಆ ಪಾಠ ಇನ್ನೂ ಬಿಗಿ. ಇಪ್ಪತ್ತು ವರ್ಷ ಮೈಗೂಡಿದ ಆ ಸಂಸ್ಕಾರವನ್ನು ಕಳೆದುಕೊಳ್ಳದೆ, ಇಪ್ಪತ್ತು ಸೆಕೆಂಡುಗಳಲ್ಲಿ ಅದನ್ನು ಮೀರುವುದು ಹೇಗೆ?

ಒಂದು ಸಂಜೆ ಮಗಳು ಕೋಣೆಯಲ್ಲಿ ನಿಂತು “ಕ್ಯಾಪ್ಟನ್, ಗೋ ಅರೌಂಡ್!” ಎಂದು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದಳು. ಪಡಸಾಲೆಯಲ್ಲಿ ಕುಳಿತಿದ್ದ ನನ್ನ ತಾಯಿಯವರು, “ಯಾರ ಮ್ಯಾಲ ಇಷ್ಟು ಜೋರು ಮಾಡಾಕತ್ತೀಯವ್ವಾ?” ಎಂದು ಕೇಳಿದರು. ಮಗಳು ವಿಷಯವನ್ನು ವಿವರಿಸಿದಳು. ಎಂಬತ್ತಾರರ ಆ ಜೀವ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಪ್ರಸಂಗ ಹೇಳಿತು. ಮದುವೆಯಾದ ಎರಡನೆಯ ವರ್ಷ, ಕಂಕುಳಲ್ಲಿ ನನ್ನ ಅಣ್ಣ. ನವಲಗುಂದದ ಕಡೆಯಿಂದ ಗಾಡಿಯಲ್ಲಿ ಹಿಂದಿರುಗುವಾಗ ಬೆಣ್ಣಿಹಳ್ಳ ಏರುತ್ತಿತ್ತು. ನನ್ನ ಅಜ್ಜ ಗಾಡಿಯನ್ನು ಹಳ್ಳಕ್ಕೆ ಇಳಿಸಲು ಹೊರಟರು. ಮಾವನ ಎದುರು ತಲೆಯೆತ್ತಿ ನಿಲ್ಲದ ಸೊಸೆ ಅಂದು ಬಾಯಿಬಿಟ್ಟಳು: “ಮಾವಾರ, ನೀರು ಏರಾಕತ್ತೈತ್ರಿ. ಎತ್ತು ಹೆಜ್ಜಿ ಇಡವಲ್ಲವು. ಗಾಡಿ ತಿರುವ್ರಿ. ಇಲ್ಲಾಂದ್ರ ನಾ ಕೂಸನ್ನ ತಗೊಂಡು ಇಲ್ಲೇ ಇಳೀತೀನಿ.” ಅಜ್ಜ ಮಾತಾಡದೆ ಗಾಡಿ ತಿರುಗಿಸಿದರಂತೆ. ಆ ರಾತ್ರಿಯನ್ನು ದಂಡೆಯ ಊರಿನಲ್ಲಿ ಪರಿಚಿತರ ಮನೆಯಲ್ಲಿ ಕಳೆದರಂತೆ.

ಅಜ್ಜಿಯನ್ನು ನಮ್ಮ ಮನೆಯಲ್ಲಿ ಮಕ್ಕಳು ‘ಅಮ್ಮ’ ಎಂದೇ ಕರೆಯುವುದು. ಮಗಳು ನನ್ನತ್ತ ತಿರುಗಿ ಹೇಳಿದಳು: “ಅಪ್ಪಾ, ಅಮ್ಮ ಮೊದಲ ಕಂಡದ್ದು ಹೇಳಿದ್ಲು. ಆಮ್ಯಾಲ ಏನು ಮಾಡಬೇಕು ಅಂತ ಹೇಳಿದ್ಲು. ಕಡೀಕ, ಕೇಳದಿದ್ರ ತಾ ಏನು ಮಾಡ್ತೀನಂತ ಹೇಳಿದ್ಲು. ಪುಸ್ತಕದಾಗ ಇರೋದೂ ಇದೇ ಕ್ರಮ.” ಅಜ್ಜಿಯ ಮಾತಿನಲ್ಲಿ ‘ರೀ’ ಎಂಬ ಮರ್ಯಾದೆ ಒಂದೆಡೆಯೂ ತಪ್ಪಿರಲಿಲ್ಲವೆಂಬುದನ್ನು ನಾನು ಗಮನಿಸಿದೆ. ಗೌರವ ಬೇರೆ, ಮೌನ ಬೇರೆ. ಇವೆರಡನ್ನೂ ಒಂದೆಂದು ತಿಳಿಯುವುದರಿಂದಲೇ ಅಪಾಯ.

ಮೊದಲನೆಯ ಸಂದರ್ಶನದಲ್ಲಿ ಆಕೆ ಆಯ್ಕೆಯಾಗಲಿಲ್ಲ. ಕಾರಣ ತಿಳಿಸುವ ಪದ್ಧತಿ ಅಲ್ಲಿರಲಿಲ್ಲ. 2022ರಲ್ಲಿ ಬೇರೊಂದು ಸಂಸ್ಥೆಯ ಕರೆ ಬಂದಿತು. ಲಿಖಿತ ಪರೀಕ್ಷೆ, ಗಣಕಯಂತ್ರದ ಮೇಲೆ ಮನೋಸಾಮರ್ಥ್ಯದ ಪರೀಕ್ಷೆ, ಸಿಮ್ಯುಲೇಟರಿನಲ್ಲಿ ಹಾರಾಟ, ಕೊನೆಗೆ ಮೂವರ ಮುಂದೆ ಮೌಖಿಕ. “ಹಿರಿಯರೊಬ್ಬರನ್ನು ನೀವು ವಿರೋಧಿಸಿದ ಒಂದು ಸಂದರ್ಭ ಹೇಳಿ” ಎಂದರಂತೆ. ತರಬೇತಿಯ ಕಾಲದಲ್ಲಿ ಒಂಟಿಯಾಗಿ ದೂರ ಹಾರಬೇಕಿದ್ದ ದಿನ, ಹಾದಿಯಲ್ಲಿ ಗುಡುಗುಮೋಡ ಕಟ್ಟುತ್ತಿದೆಯೆಂದು ವರದಿ ತೋರಿಸಿ, ಹೊರಡೆಂದ ಬೋಧಕರಿಗೆ ತಾನು ಇಂದು ಹೋಗುವುದಿಲ್ಲವೆಂದು ಹೇಳಿದುದನ್ನು ಆಕೆ ವಿವರಿಸಿದಳು. ಬೋಧಕರು ಅಸಮಾಧಾನಗೊಂಡರೇ ಎಂದು ಕೇಳಿದರು. “ಹೌದು; ಆದರೆ ಮರುದಿನ ಕಳಿಸಿದರು” ಎಂದಳಂತೆ. ಹಾರಾಟದ ದಾಖಲೆ ಪುಸ್ತಕವನ್ನು ಪುಟಪುಟವೂ ತಿರುವಿ ನೋಡಿದರು. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಪರವಾನಗಿ ಪಡೆದ ಕೆಲವರು ನಮ್ಮ ದೇಶದಲ್ಲಿ ಸಿಕ್ಕಿಬಿದ್ದುದು ಓದುಗರಿಗೆ ನೆನಪಿರಬಹುದು. ಆ ಪುಸ್ತಕದಲ್ಲಿ ಸುಳ್ಳಿನ ಒಂದು ಗಂಟೆಯೂ ಇರಬಾರದು. ಹದಿನೇಳು ದಿನಗಳ ಮೇಲೆ ಆಯ್ಕೆಯ ಪತ್ರ ಬಂದಿತು.

ಕೆಲಸ ಸಿಕ್ಕಿತೆಂದರೆ ಕಲಿಕೆ ಮುಗಿಯಿತೆಂದಲ್ಲ. ಆ ಮಾದರಿಯ ವಿಮಾನದ ತರಬೇತಿ, ಅದರ ಪರೀಕ್ಷೆ, ಬಳಿಕ ತಿಂಗಳುಗಟ್ಟಲೆ ತರಬೇತುದಾರ ಕ್ಯಾಪ್ಟನ್ನರ ಪಕ್ಕದಲ್ಲಿ ಹಾರಾಟ. ಈಗ ಅವಳ ದಿನ ನಸುಕಿಗೂ ಮುಂಚೆ ಉಸಿರಿನ ಮದ್ಯ ತಪಾಸಣೆಯೊಂದಿಗೆ ಆರಂಭವಾಗುತ್ತದೆ. ಬ್ಯಾಟರಿ ಹಿಡಿದು ವಿಮಾನವನ್ನು ಸುತ್ತು ಹಾಕಿ ಚಕ್ರ, ರೆಕ್ಕೆ, ಪ್ರೊಪೆಲ್ಲರುಗಳನ್ನು ನೋಡುವುದು ಅವಳ ಮೊದಲ ಕೆಲಸ. ಒಮ್ಮೆ ಒಬ್ಬರು ಹಾರಿಸಿದರೆ ಇನ್ನೊಬ್ಬರು ಮೇಲ್ವಿಚಾರಣೆ ಮಾಡುತ್ತಾರೆ; ಮುಂದಿನ ಹಾರಾಟಕ್ಕೆ ಪಾತ್ರಗಳು ಬದಲಾಗಬಹುದು. ದಿನಕ್ಕೆ ನಾಲ್ಕು ಬಾರಿ ಏರುವುದು, ನಾಲ್ಕು ಬಾರಿ ಇಳಿಯುವುದು. ದೊಡ್ಡ ವಿಮಾನದಲ್ಲಿ ದೂರ ಹಾರುವವರಿಗಿಂತ ಇಳಿಯುವ ಅಭ್ಯಾಸ ಇವರಿಗೇ ಹೆಚ್ಚು. ಹಿರಿಯ ದರ್ಜೆಯ ಪರವಾನಗಿಗೆ 1500 ಗಂಟೆಗಳು ಬೇಕು. ವರ್ಷಕ್ಕೆ 1000 ಗಂಟೆ ಮೀರಿ ಹಾರುವಂತಿಲ್ಲ. ಹಬ್ಬಕ್ಕೆ ಮನೆಗೆ ಬರುವುದು ಅಪರೂಪ.

ಕಳೆದ ಮಳೆಗಾಲದ ಒಂದು ಸಂಗತಿಯನ್ನು ಅವಳು ಎಂದೋ ಊಟದ ನಡುವೆ ಹೇಳಿದಳು. ಮೋಡದೊಳಗಿಂದ ಇಳಿಯುವಾಗ ಗಾಳಿ ದಿಕ್ಕು ಬದಲಿಸಿ ವೇಗ ಮಿತಿಯನ್ನು ದಾಟಿತ್ತು. ಸಾವಿರ ಅಡಿಯಲ್ಲಿ ಎಲ್ಲವೂ ಸ್ಥಿರವಾಗಿರಬೇಕೆಂಬುದು ನಿಯಮ, ಸ್ಥಿರವಾಗಿರಲಿಲ್ಲ. ಮೇಲ್ವಿಚಾರಣೆಯಲ್ಲಿದ್ದ ಇವಳು “ಗೋ ಅರೌಂಡ್” ಎಂದಳು. ಅವಳಿಗಿಂತ ಇಪ್ಪತ್ತು ವರ್ಷ ಹಿರಿಯರಾದ ಕ್ಯಾಪ್ಟನ್ ಮರುಮಾತಿಲ್ಲದೆ ವಿಮಾನವನ್ನು ಮೇಲೇರಿಸಿದರು. ಹದಿನೈದು ನಿಮಿಷಗಳ ಬಳಿಕ ವಿಮಾನ ಸುಖವಾಗಿ ಇಳಿಯಿತು. ಕೆಲವು ಪ್ರಯಾಣಿಕರು ತಡವಾಯಿತೆಂದು ಗೊಣಗುತ್ತ ಇಳಿದರು. ಕ್ಯಾಪ್ಟನ್ ಕಾಗದಪತ್ರಗಳಿಗೆ ಸಹಿ ಮಾಡುತ್ತ “ಸರಿಯಾಗಿ ಹೇಳಿದಿರಿ” ಎಂದಷ್ಟೇ ಹೇಳಿದರಂತೆ. ನಿಜವಾಗಿ ದೊಡ್ಡವರು ಅವರೇ ಎಂದು ನನಗೆ ತೋರಿತು. ಹೇಳುವ ಕಿರಿಯರು ಎಷ್ಟೇ ಜನ ತಯಾರಾದರೂ, ಕೇಳುವ ಹಿರಿಯರಿಲ್ಲದಿದ್ದರೆ ಫಲವೇನು?

ಮಕ್ಕಳನ್ನು ಈ ಹಾದಿಗೆ ಕಳಿಸಬಯಸುವ ತಂದೆತಾಯಿಗಳಿಗೆ ನನ್ನ ವಿನಂತಿ ಇಷ್ಟು. ಮೊದಲು ವೈದ್ಯಕೀಯ ತಪಾಸಣೆ ಮಾಡಿಸಿ, ಅನಂತರ ಹಣ ಕಟ್ಟಿ. ತರಬೇತಿ ಶಾಲೆಗೆ ಮಹಾನಿರ್ದೇಶನಾಲಯದ ಮನ್ನಣೆ ಇದೆಯೇ ಎಂದು ನೀವೇ ಪರಿಶೀಲಿಸಿ. ಕೆಲಸ ಕೊಡಿಸುವೆನೆನ್ನುವ ದಲ್ಲಾಳಿಗಳಿಗೆ ಮನೆಯ ಹೊಸ್ತಿಲು ದಾಟಲು ಬಿಡಬೇಡಿ. ಪರವಾನಗಿ ಬಂದ ಮೇಲೆ ಎರಡು ಮೂರು ವರ್ಷ ಕಾಯುವ ಶಕ್ತಿ ಮನೆಗೆ ಇದೆಯೇ ಎಂದು ಮುಂಚೆಯೇ ಲೆಕ್ಕ ಹಾಕಿ; ಜೊತೆಗೊಂದು ಪದವಿಯೂ ಇರಲಿ. ಗಣಿತ, ಭೌತಶಾಸ್ತ್ರಗಳನ್ನು ಶಾಲೆಯಲ್ಲಿ ಕಲಿಯಬಹುದು, ವಿಮಾನವನ್ನು ಸಿಮ್ಯುಲೇಟರಿನಲ್ಲಿ ಕಲಿಯಬಹುದು. ಆದರೆ ಕಂಡ ಸತ್ಯವನ್ನು ಹಿರಿಯರ ಮುಂದೆ ಮರ್ಯಾದೆ ಮೀರದೆ, ಧ್ವನಿ ತಗ್ಗಿಸದೆ ಹೇಳುವುದನ್ನು ಮಕ್ಕಳು ಮೊದಲು ಕಲಿಯಬೇಕಾದುದು ಮನೆಯಲ್ಲಿಯೇ. ಊಟದ ಹೊತ್ತಿನಲ್ಲಿ ಹತ್ತು ವರ್ಷದ ಮಗುವೊಂದು “ಅಪ್ಪಾ, ಅದು ಹಾಗಲ್ಲ” ಎಂದಾಗ, “ಸುಮ್ಮನಿರು” ಎನ್ನುವ ಮೊದಲು ಒಂದು ಗಳಿಗೆ ಕಿವಿಗೊಟ್ಟು ಕೇಳೋಣ.