ಆರನೇ ಸೀಟು

2021ರ ಮೇ ತಿಂಗಳಲ್ಲಿ ಹುಷಾರಿಲ್ಲದೆ ಮಲಗಿದ್ದ ಅಪ್ಪಯ್ಯನ ತೋರುಬೆರಳಿಗೆ ಆಕ್ಸಿಮೀಟರ್ ಕಚ್ಚಿಸಿದೆ. ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಅದರ ಬಾಯೊಳಗೆ ಕೆಂಪು ದೀಪ ಹೊತ್ತಿಕೊಂಡಿತು. ಸ್ವಲ್ಪ ಹೊತ್ತು ಯೋಚಿಸಿ 96 ಎಂದಿತು.

ಅಪ್ಪಯ್ಯ ಮೂವತ್ತೆರಡು ವರ್ಷ ಕೆಂಪು ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. "ನೂರಕ್ಕೆ ತೊಂಬತ್ತಾರಾ? ಹಾಗಾದ್ರೆ ನಾಲ್ಕು ಸೀಟು ಖಾಲಿ ಹೊಡೀತಿದಾವೆ ಮಾರಾಯ" ಅಂದರು.

ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿ, ಬ್ಯಾಂಕಿನ ಕೌಂಟರಿನಲ್ಲಿ ಕೂತು ಅದನ್ನು ನೀಟಾಗಿ ಮರೆತಿದ್ದ ನನಗೆ ನಾಚಿಕೆಯಾಯಿತು. ಅವರು ಹೇಳಿದ್ದು ತಮಾಷೆಗೆ. ಆದರೆ 96ರ ಅರ್ಥ ಅದೇ.

ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನ ಒಂದು ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳು. ಒಂದೊಂದಕ್ಕೂ ಆರು ಕೈ. ನಾಲ್ಕನ್ನು ಸುತ್ತಲಿನ ಉಂಗುರದ ನೈಟ್ರೋಜನ್‌ಗಳು ಹಿಡಿದುಕೊಂಡಿವೆ, ಐದನೆಯದನ್ನು ಕೆಳಗಿನಿಂದ ಪ್ರೋಟೀನಿನ ಹಿಸ್ಟಿಡಿನ್. ಆರನೆಯದು ಟವೆಲ್ ಹಾಕಿಟ್ಟ ಸೀಟು. ಶ್ವಾಸಕೋಶದಲ್ಲಿ ಹತ್ತುವ ಆಮ್ಲಜನಕ ಬಂದು ಅಲ್ಲಿ ಒಂದು ತುದಿಯನ್ನಷ್ಟೇ ಊರಿ, ಇನ್ನೊಂದನ್ನು ಓರೆಯಾಗಿ ಚಾಚಿಕೊಂಡು ಕೂರುತ್ತದೆ, ಮುಂದಿನ ಸ್ಟಾಪಿನಲ್ಲಿ ಇಳಿಯುವವರು ಸೀಟಿನ ಅಂಚಿನಲ್ಲಿ ಕೂರುವ ಹಾಗೆ. ಒಬ್ಬರು ಕೂತರೆಂದರೆ ಕಬ್ಬಿಣ ಕೂದಲೆಳೆಗಿಂತಲೂ ಎಷ್ಟೋ ಸಣ್ಣ ದೂರ ಸರಿಯುತ್ತದೆ, ಅದರ ಜೊತೆ ಹಿಸ್ಟಿಡಿನ್ನೂ ಸರಿದು ಉಳಿದ ಮೂವರು ಹತ್ತುವುದು ಸಲೀಸಾಗುತ್ತದೆ. "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಯಾರೂ ಕೂಗಬೇಕಾಗಿಲ್ಲ.

ಈ ಕೂರುವ ಭಂಗಿಯ ಮೇಲೆ ದೊಡ್ಡ ವಿಜ್ಞಾನಿಗಳೆಲ್ಲ ಜಗಳಾಡಿದ್ದಾರೆ. ಆಮ್ಲಜನಕ ಇಲ್ಲದ ಹಿಮೋಗ್ಲೋಬಿನ್ನನ್ನು ಅಯಸ್ಕಾಂತ ಸೆಳೆಯುತ್ತದೆ, ಆಮ್ಲಜನಕ ಕೂತದ್ದನ್ನು ಸೆಳೆಯುವುದಿಲ್ಲ ಎಂದು ಪಾಲಿಂಗ್ ಮತ್ತು ಕೊರಿಯೆಲ್ 1936ರಲ್ಲಿ ತೋರಿಸಿದರು. ಒಂಟಿ ಎಲೆಕ್ಟ್ರಾನುಗಳೆಲ್ಲ ಹೇಗೋ ಜೋಡಿಯಾಗಿದ್ದವು. ಹೇಗೆ? ಕಬ್ಬಿಣ ತನ್ನದೊಂದು ಎಲೆಕ್ಟ್ರಾನನ್ನು ಆಮ್ಲಜನಕದ ಕೈಗೆ ಕೊಟ್ಟಿರುತ್ತದೆ ಎಂದು 1964ರಲ್ಲಿ ವೈಸ್ ಹೇಳಿದರೆ ಪಾಲಿಂಗ್ ಒಪ್ಪಲಿಲ್ಲ. ನನಗಂತೂ ವೈಸ್ ಪಕ್ಷವೇ ಇಷ್ಟ. ಅದರಲ್ಲಿ ಇಳಿಯುವಾಗ ಚಿಲ್ಲರೆ ವಾಪಸ್ ಕೊಡುವ ಏರ್ಪಾಡಿದೆ.

"ಅಷ್ಟು ಮರ್ಯಾದಸ್ಥ ಪ್ಯಾಸೆಂಜರ್ರು ನಮ್ಮ ರೂಟಲ್ಲಿ ಇರ್ಲಿಲ್ಲ" ಎಂದರು ಇದನ್ನೆಲ್ಲ ಕೇಳಿದ ಅಪ್ಪಯ್ಯ.

ಬಚ್ಚಲ ಒಲೆಯ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿನ ಕಥೆಯನ್ನೂ ಹೇಳಿದೆ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದೇ ಸೀಟು ಹಿಡಿದು ಕೂರುವ ಆಸಾಮಿ ಅದು. ಲಾಸ್ಟ್ ಸ್ಟಾಪ್ ಬಂದರೂ ಏಳದ ಕುಡುಕ. ನಮ್ಮ ಬೆರಳಿನ ಮೀಟರಿಗೆ ಇಬ್ಬರ ವ್ಯತ್ಯಾಸ ತಿಳಿಯದು; ಸೀಟು ತುಂಬಿದೆ ಎಂದಷ್ಟೇ ಹೇಳುತ್ತದೆ.

"ಟಿಕೆಟ್ ಕೇಳದೆ ತಲೆ ಎಣಿಸಿದ್ರೆ ಹಂಗೇ ಆಗೋದು."

ಚಿಲ್ಲರೆಯ ಶಿಸ್ತು ಗೊತ್ತಿಲ್ಲದ ಕಬ್ಬಿಣವೂ ನಮ್ಮ ಮನೆಯಲ್ಲಿತ್ತು: ಗೇಟು. ಮಲೆನಾಡಿನ ಮಳೆಯಲ್ಲಿ ಅದು ಆಮ್ಲಜನಕಕ್ಕೆ ಕೊಟ್ಟದ್ದನ್ನು ಎಂದೂ ವಾಪಸ್ ಪಡೆದದ್ದಿಲ್ಲ. ಪ್ರತಿ ಮೇ ತಿಂಗಳೂ ಅಪ್ಪಯ್ಯ ಬನಿಯನ್ನು ಹಾಕಿಕೊಂಡು, ಮರಳುಕಾಗದದಲ್ಲಿ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿಯುತ್ತಿದ್ದರು. ರೆಡ್ ಆಕ್ಸೈಡಿನ ಬಣ್ಣವೂ ಕಬ್ಬಿಣದ ಆಕ್ಸೈಡೇ ಎಂದು, ಅಂದರೆ ತುಕ್ಕು ಉಜ್ಜಿ ಅದರ ಅಣ್ಣತಮ್ಮನನ್ನೇ ಬಳಿಯುತ್ತಿದ್ದೀರಿ ಎಂದು, ಓದಿನ ಜಂಬದಲ್ಲಿ ಒಮ್ಮೆ ಹೇಳಿದ್ದೆ. ಬ್ರಷ್ ನನ್ನ ಕೈಗೆ ಕೊಟ್ಟು ಕಾಫಿ ಕುಡಿಯಲು ಒಳಗೆ ಹೋದರು.

ರಕ್ತದ ಕಬ್ಬಿಣವೂ ಪ್ರೋಟೀನಿನ ಗೂಡು ಬಿಟ್ಟು ಹೊರಗೆ ಬಂದರೆ ಗೇಟಿನ ಹಾದಿಯೇ. ಎರಡು ಕಬ್ಬಿಣ ಸೇರಿ ಆಮ್ಲಜನಕವನ್ನು ಆಚೀಚೆಯಿಂದ ಹಿಡಿದುಕೊಳ್ಳುತ್ತವೆ. ಅಲ್ಲಿಗೆ ಬಸ್ಸು ಡಿಪೋ ಸೇರಿದಂತೆ. ಅದಕ್ಕೇ ಒಂದೊಂದಕ್ಕೂ ಪ್ರತ್ಯೇಕ ಗೂಡು, ಒಂದರ ಮುಖ ಇನ್ನೊಂದು ನೋಡಬಾರದು.

ಅಪ್ಪಯ್ಯ ಆ ಸಲ ಚೇತರಿಸಿಕೊಂಡರು. ಆದರೆ ಮೀಟರಿನ ಚಟ ಬಿಡಲಿಲ್ಲ. ಹಾಲಿನ ಲೆಕ್ಕದ ಪುಸ್ತಕಕ್ಕೆ ಸ್ಕೇಲಿನಲ್ಲಿ ಗೆರೆ ಹೊಡೆದು ವೇಬಿಲ್ಲಿನಂತೆ ತುಂಬುತ್ತಿದ್ದರು: ಬೆಳಿಗ್ಗೆ 97, ಊಟದ ಮೇಲೆ 96, ವಾರ್ತೆ ನೋಡಿದ ಮೇಲೆ 94. ಕೈ ತಣ್ಣಗಿದ್ದ ದಿನ 88 ಬಂದರೆ "ಮೀಟರ್ ಕೆಟ್ಟಿದೆ" ಎಂದು ಷರಾ.

ಅವರು ಹೋದ ಮೇಲೆ ಆ ಪುಸ್ತಕ ತೆರೆದೆ. ಕೊನೆಯ ಪುಟದಲ್ಲಿ ಅಂಕಿಗಳಿಲ್ಲ. ಟಿಕೆಟಿನ ಹಿಂದೆ ಚಿಲ್ಲರೆ ಬಾಕಿ ಬರೆದು ಸುತ್ತ ಗೆರೆ ಎಳೆಯುತ್ತಿದ್ದರಲ್ಲ, ಅದೇ ಕೈಬರಹ, ಅದೇ ದುಂಡು ಗೆರೆ. ಒಳಗೆ: ಮೀಟರ್ ಬಾಬ್ತು, ಮಗನಿಗೆ ಕೊಡಬೇಕಾದ್ದು, 1200.