ನಡುವೆ ಒಬ್ಬ ರೈಟರು

ಕಾಫಿತೋಟಗಳಲ್ಲಿ ರೈಟರು ಎಂಬೊಬ್ಬರಿರುತ್ತಾರೆ. ಹೆಸರಿಗೆ ಬರೆಯುವವರಾದರೂ, ನಮ್ಮ ಕಡೆ ನಾನು ಕಂಡ ರೈಟರುಗಳ ಅರ್ಧ ಆಯುಷ್ಯ ಕಳೆದದ್ದು ಮಾತು ದಾಟಿಸುವುದರಲ್ಲಿ. ರಾಬರ್ಟ್ ಎಲಿಯಟ್‌ನಂಥ ದೊರೆಗಳು ಮಂಜರಾಬಾದಿನ ಈ ಬೆಟ್ಟಗಳಿಗೆ ಬಂದು ಕಾಫಿ ಹಾಕಿದ ಹತ್ತೊಂಬತ್ತನೆಯ ಶತಮಾನದಿಂದಲೂ ಯಜಮಾನನ ನುಡಿ ಒಂದು, ಆಳಿನ ನುಡಿ ಇನ್ನೊಂದು. ದೊರೆ ಇಂಗ್ಲಿಷಿನಲ್ಲಿ ಗದರಿದ್ದು ಆಳಿಗೆ ತುಳುವಿನಲ್ಲೋ ತಮಿಳಿನಲ್ಲೋ ಒಂದು ಕೆಲಸವಾಗಿ ಮುಟ್ಟಬೇಕು. ಆಳಿನ ಗೊಣಗಾಟ ದೊರೆಗೆ ಒಂದು ಸಮಾಧಾನವಾಗಿ ಮುಟ್ಟಬೇಕು. ಒಳ್ಳೆಯ ರೈಟರಿದ್ದ ತೋಟದಲ್ಲಿ ನಡುವೆ ಒಬ್ಬರಿದ್ದಾರೆಂಬುದೇ ಇಬ್ಬರಿಗೂ ಮರೆತುಹೋಗುತ್ತದೆ.

ಇಂಥ ರೈಟರೊಬ್ಬರನ್ನು ೨೦೨೫ರ ಮಳೆಗಾಲದಲ್ಲಿ ನಾನು ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿನೊಳಗೆ ಕಂಡೆ. ಯಂತ್ರಕ್ಕೆ ಹತ್ತು ವರ್ಷ. ಅದರಲ್ಲಿದ್ದ ವಿಂಡೋಸ್ ೧೦ಕ್ಕೆ ಅಕ್ಟೋಬರ್ ೧೪ರ ಮೇಲೆ ಮಾಮೂಲಿನ ರಕ್ಷಣೆಯಿಲ್ಲವೆಂದು ಮೊದಲೇ ಪ್ರಕಟವಾಗಿತ್ತು. ಹನ್ನೊಂದನೆಯದಕ್ಕೆ ಬೇಕಾದ ಅಂಗಾಂಗಗಳು ಇದಕ್ಕಿರಲಿಲ್ಲ. ಗುಜರಿಯವನು ಯಾವಾಗ ಬರುತ್ತಾನೆಂದು ಮನೆಯಲ್ಲಿ ವಿಚಾರಣೆ ನಡೆದಿರುವಾಗ ಮಗ ಅದರಲ್ಲಿ ಲಿನಕ್ಸನ್ನು ಕೂರಿಸಿದ. ೧೯೯೧ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ತಿರುಳನ್ನು ಬರೆದು ಲೋಕಕ್ಕೆ ಬಿಟ್ಟುಕೊಟ್ಟ ವ್ಯವಸ್ಥೆ ಅದು. ಊರ ಕೆರೆಯ ಹಾಗೆ: ಯಾರು ಬೇಕಾದರೂ ನೀರು ಮೊಗೆದುಕೊಳ್ಳಬಹುದು, ಮನಸ್ಸಿದ್ದವರು ಹೂಳನ್ನೂ ತೆಗೆಯಬಹುದು. ನನ್ನ ಟಿಪ್ಪಣಿ, ಪ್ರಶ್ನಪತ್ರಿಕೆಗಳಿಗೆ ಅದು ಧಾರಾಳವಾಗಿ ಸಾಕು. ಮಗನಿಗೆ ಬೇಕಾಗಿದ್ದದ್ದು ಪ್ರಶ್ನಪತ್ರಿಕೆಯಲ್ಲ, ಏಜ್ ಆಫ್ ಎಂಪೈರ್ಸ್ ಎಂಬ ಆಟದ ಎರಡನೆಯ ಭಾಗ.

೧೯೯೯ರಲ್ಲಿ ಹುಟ್ಟಿ ೨೦೧೯ರಲ್ಲಿ ಹೊಸ ರೂಪ ತಾಳಿದ ಆಟ ಅದು. ರಾಜ್ಯ ಕಟ್ಟುವುದು, ದಂಡು ಕೂಡಿಸುವುದು, ಪಕ್ಕದವನ ಕೋಟೆ ಕೆಡವುವುದು. ೨೦೨೨ರಲ್ಲಿ ಬಂದ ಭಾರತದ ರಾಜವಂಶಗಳ ಕಂತಿನಲ್ಲಿ ರಾಜೇಂದ್ರ ಚೋಳನ ದಂಡಯಾತ್ರೆಯೂ ಇದೆ. ಚೋಳರನ್ನು ಸೋಲಿಸಿ ತಲಕಾಡುಗೊಂಡನೆನಿಸಿದ ವಿಷ್ಣುವರ್ಧನನ ಸೀಮೆಯಲ್ಲಿ ಕುಳಿತು ನನ್ನ ಮಗ ಚೋಳರ ಪರವಾಗಿ ಹಡಗು ಕಟ್ಟುತ್ತಾನೆ. ಬೇಲೂರು ಇಲ್ಲಿಂದ ದೂರವಿಲ್ಲ, ಚೆನ್ನಕೇಶವ ಕ್ಷಮಿಸಬೇಕು.

ಆಟವನ್ನು ಬರೆದಿರುವುದು ವಿಂಡೋಸಿಗಾಗಿ. ‘ಈ ಕಡತ ತೆರೆ’, ‘ಇಲ್ಲಿ ಬಣ್ಣ ಹಚ್ಚು’ ಎಂದು ಅದು ಕ್ಷಣಕ್ಷಣಕ್ಕೂ ಅಪ್ಪಣೆ ಮಾಡುತ್ತದೆ. ಆ ಅಪ್ಪಣೆಗಳು ಲಿನಕ್ಸಿಗೆ ತಿಳಿಯವು. ನಡುವೆ ನಿಲ್ಲುವ ರೈಟರೇ ವೈನ್. ೧೯೯೩ರಲ್ಲಿ ಆರಂಭವಾದ ಕೆಲಸ. ಪಾನನಿರೋಧದವರು ಗಾಬರಿಯಾಗಬೇಕಿಲ್ಲ, ‘ವೈನ್ ಈಸ್ ನಾಟ್ ಆನ್ ಎಮ್ಯುಲೇಟರ್’ ಎಂಬುದರ ಅಡಕ ಅದು. ಬೇರೊಂದು ಯಂತ್ರದ ವೇಷ ಹಾಕಿ ಕುಣಿಯುವ ಬಹುರೂಪಿಯಲ್ಲ, ಅಪ್ಪಣೆ ಬಂದಂತೆಲ್ಲ ಅದನ್ನು ಲಿನಕ್ಸಿಗೆ ತಿಳಿಯುವ ಅಪ್ಪಣೆಯಾಗಿ ತಿರುಗಿಸುವ ದುಭಾಷಿ. ಆಟದಂಗಡಿ ಇಟ್ಟಿರುವ ವಾಲ್ವ್ ಕಂಪನಿ ಇದಕ್ಕೆ ಡಿಎಕ್ಸ್‌ವಿಕೆ ಎಂಬ ಇನ್ನೊಬ್ಬ ದುಭಾಷಿಯನ್ನು ಜೊತೆಮಾಡಿತು. ಚಿತ್ರ ಬಿಡಿಸುವ ಅಪ್ಪಣೆಗಳನ್ನು ವಲ್ಕನ್ ಎಂಬ ನುಡಿಗೆ ತಿರುಗಿಸುವುದು ಅವನ ಪಾಲಿನ ಕೆಲಸ. ಎಲ್ಲವನ್ನೂ ಸೇರಿಸಿ ೨೦೧೮ರ ಆಗಸ್ಟಿನಲ್ಲಿ ಪ್ರೋಟಾನ್ ಎಂದು ಹೊರತಂದಿತು. ಬರಿಯ ಧರ್ಮಕ್ಕಲ್ಲ: ೨೦೨೨ರಲ್ಲಿ ಅದು ಮಾರತೊಡಗಿದ ಸ್ಟೀಮ್ ಡೆಕ್ ಎಂಬ ಅಂಗೈಯ ಯಂತ್ರ ಓಡುವುದೇ ಲಿನಕ್ಸಿನ ಮೇಲೆ. ವರ್ತಕನ ಲಾಭದಲ್ಲಿ ಊರ ಕೆರೆಯೂ ತುಂಬಿದರೆ ಬೇಡವೆನ್ನುವವರಾರು? ಮೋಸ ಹಿಡಿಯುವ ಕಾವಲುಗಾರನನ್ನು ಯಂತ್ರದ ತಿರುಳಿನವರೆಗೂ ಇಳಿಸುವ ಕೆಲವು ಆಟಗಳು ಮಾತ್ರ ಇಂದಿಗೂ ಲಿನಕ್ಸನ್ನು ಬಾಗಿಲಲ್ಲೇ ತಡೆಯುತ್ತವೆ. ಅವುಗಳ ಗೊಡವೆ ನಮಗೆ ಬೇಕಾಗಿರಲಿಲ್ಲ.

ಒಂಟಿಯಾಗಿ ಆಡುವಾಗ ಎಲ್ಲ ಸರಿಯಾಗಿತ್ತು. ತೊಡಕು ಬಂದದ್ದು ಭಾನುವಾರ, ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗನೊಡನೆ ಆಡುವಾಗ. ತೋಟ ಹಿಸ್ಸೆಯಾದಂದಿನಿಂದ ಆ ದೊಡ್ಡಪ್ಪನಿಗೂ ನನಗೂ ಮಾತಿಲ್ಲ, ಮೂರು ವರ್ಷವಾಗಿತ್ತು. ಒಂದು ಗದ್ದೆಯಂಚು, ಎರಡು ಹಲಸಿನ ಮರ, ಇಷ್ಟೇ ಕಾರಣ. ಹಬ್ಬಕ್ಕೂ ಹೋಗಿಬರುವುದು ನಿಂತಿತ್ತು. ಎರಡು ಮನೆಗಳ ನಡುವೆ ಉಳಿದಿದ್ದ ಕಾಲುದಾರಿಯೆಂದರೆ ಹುಡುಗರ ಈ ಭಾನುವಾರದ ಯುದ್ಧ. ಅದೂ ಕಾಲುಗಂಟೆ ನಡೆದು, ಎರಡು ಕಡೆಯ ಲೆಕ್ಕ ತಾಳೆಯಾಗದೆಂದು ನಿಂತುಬಿಡುತ್ತಿತ್ತು.

ಕಾರಣವನ್ನು ಮಗ ಹುಡುಕಿ ಹೇಳಿದ. ನೂರಾರು ಸೈನಿಕರು ಎಲ್ಲೆಲ್ಲಿದ್ದಾರೆಂದು ಪ್ರತಿಕ್ಷಣ ತಂತಿಯ ಮೇಲೆ ಕಳಿಸುವುದು ಭಾರವಾದ ಕೆಲಸ. ಆದ್ದರಿಂದ ಆಟ ಕಳಿಸುವುದು ಆಟಗಾರರ ಆಜ್ಞೆಗಳನ್ನಷ್ಟೆ. ಇಡೀ ಯುದ್ಧವನ್ನು ಎರಡು ಯಂತ್ರಗಳೂ ತಮ್ಮತಮ್ಮಲ್ಲೇ ಗುಣಿಸಿಕೊಳ್ಳುತ್ತವೆ. ದಶಾಂಶದ ಕೊನೆಯ ಅಂಕಿ ಒಂದು ಕಡೆ ಬೇರೆಯಾದರೂ ಸಾಕು, ಅಲ್ಲಿ ಸತ್ತ ಬಿಲ್ಲಾಳು ಇಲ್ಲಿ ಬದುಕಿರುತ್ತಾನೆ. ನಮ್ಮ ರೈಟರ ಗಣಿತ ದೊರೆಯ ಗಣಿತಕ್ಕಿಂತ ಕೂದಲೆಳೆಯಷ್ಟು ಬೇರೆ. ತರಗತಿಯಲ್ಲಿ ಬಿ. ಎಂ. ಶ್ರೀಯವರ ೧೯೨೬ರ ‘ಇಂಗ್ಲಿಷ್ ಗೀತಗಳು’ ಪಾಠಮಾಡುವಾಗ ಅವರು ತೆಗೆದುಕೊಂಡ ಸ್ವಾತಂತ್ರ್ಯವನ್ನು ನಾನು ಬಾಯ್ತುಂಬ ಹೊಗಳುತ್ತೇನೆ. ಭಾವ ಇಳಿದು ಬಂದರೆ ಅನುವಾದ ಗೆದ್ದಿತು. ಇಲ್ಲಿ ಭಾವದಿಂದ ಏನೂ ನಡೆಯದು. ಯುಸಿಆರ್‌ಟಿಬೇಸ್ ಎಂಬ ವಿಂಡೋಸಿನ ಮೂಲ ಕಡತವನ್ನೇ ತಂದು ಆಟದ ಪಕ್ಕದಲ್ಲಿಡಬೇಕು, ದೊರೆಯ ಲೆಕ್ಕದ ಪುಸ್ತಕವನ್ನೇ ರೈಟರ ಕೈಗೆ ಕೊಟ್ಟ ಹಾಗೆ. ಕರೆಂಟು ಹೋಗಿ ಬಂದು, ಮರ ಬಿದ್ದು ಕಡಿದ ತಂತಿಯನ್ನು ಮತ್ತೆ ಕಟ್ಟಿಸಿಕೊಂಡು, ಅಷ್ಟು ಮಾಡಲು ಎರಡು ವಾರ ಹಿಡಿಯಿತು.

ಮೂರನೆಯ ಭಾನುವಾರ ಯುದ್ಧ ಮುಕ್ಕಾಲು ಗಂಟೆ ದಾಟಿತು. ಹೊರಗೆ ಹಂಚು ಹಾರುವಂಥ ಮಳೆ. ನಾನು ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಲ್ಯಾಪ್‌ಟಾಪಿನೊಳಗಿಂದ ಅಣ್ಣನ ದನಿ ಬಂತು:

“ಮಗಾ, ಅಲ್ಲಿ ಎಷ್ಟು ಇಂಚು ಬಂತಂತೆ ಮಳೆ, ನಿಮ್ಮಪ್ಪನ್ನ ಕೇಳು.”

ಹುಡುಗ ನನ್ನ ಕಡೆ ತಿರುಗಿ, “ದೊಡ್ಡಪ್ಪ ಕೇಳ್ತಿದ್ದಾರೆ, ಎಷ್ಟು ಇಂಚು?” ಎಂದ.

“ನಾಲ್ಕೂವರೆ ಅಂತ ಹೇಳು.”

“ನಾಲ್ಕೂವರೆಯಂತೆ, ದೊಡ್ಡಪ್ಪ.”

ಸ್ವಲ್ಪ ಹೊತ್ತು ಬಿಟ್ಟು, “ಹಳ್ಳದ ಕಡೆ ಮೆಣಸಿಗೆ ಬೋರ್ಡೋ ಹೊಡೆಸಿದ್ನಾ, ಕೇಳು.”

ಹೊಡೆಸಿದ್ದೆ. ಹಾಗೆಂದು ಹೇಳಿಸಿದೆ. ಅಷ್ಟರಲ್ಲಿ ಚೋಳರ ಕೋಟೆಗೆ ಬೆಂಕಿ ಬಿದ್ದಿತ್ತು. ಹುಡುಗ ಮಾತನ್ನು ಆ ಕಡೆಗೂ ಈ ಕಡೆಗೂ ದಾಟಿಸುತ್ತ, ಒಂದು ಕೈಯಲ್ಲಿ ಆನೆಗಳನ್ನು ಹಿಂದಕ್ಕೆ ಕರೆಯುತ್ತಿದ್ದ.