ಟೇಲರ್ ಮಂಜಿಲ್ ಮತ್ತು ಹುಡುಗ ದೊರೆ

ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಇಳಿದು ಸುರಪುರಕ್ಕೆ ಹೊರಟವರು ಮೊದಲು ಭೀಮಾ ನದಿ ದಾಟಬೇಕು. ಸೇತುವೆ ಕಳೆದರೆ ಎರಡೂ ಬದಿಗೆ ಹತ್ತಿ, ತೊಗರಿ. ಕೃಷ್ಣೆಯ ನಾರಾಯಣಪುರ ಅಣೆಕಟ್ಟಿನ ಕಾಲುವೆ ನೀರು ಬಂದ ಕಡೆಗಳಲ್ಲಿ ಹಸಿರು ಭತ್ತ. ಶಹಾಪುರ ಹತ್ತಿರವಾದಾಗ ಮಕ್ಕಳು ಕಿಟಕಿ ಪಕ್ಕ ಕೂಡಬೇಕು. ಅಲ್ಲಿನ ಗುಡ್ಡಗಳ ಸಾಲು ದೂರದಿಂದ ನೋಡಿದರೆ ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ. ಹಣೆ, ಮೂಗು, ಎದೆ ಎಲ್ಲ ಉಂಟು. ‘ಮಲಗಿದ ಬುದ್ಧ’ ಎಂದು ಹೆಸರು. ನನ್ನ ಜೊತೆಗಿದ್ದ ಮೊಮ್ಮಗನಿಗೆ ಮೊದಲು ಮೂಗು ಸಿಕ್ಕಿತು, ಆಮೇಲೆ ಉಳಿದದ್ದು.

ಶಹಾಪುರದಲ್ಲಿ ಚಹಾ ಕುಡಿದು ಮುಂದೆ ಹೋದರೆ ಸುರಪುರ. ಹಳಬರ ಬಾಯಲ್ಲಿ ಇನ್ನೂ ಶೋರಾಪುರ. ಊರೇ ಗುಡ್ಡಗಳ ನಡುವೆ ಕೂತಿದೆ. ಬೇಡ ನಾಯಕರ ರಾಜಧಾನಿ ಇದು. ಇವರು ಎಂಥವರೆಂದು ತಿಳಿಯಬೇಕಾದರೆ ಹತ್ತಿರದ ವಾಗಿನಗೇರಾ ಕೋಟೆಯ ಕಥೆ ಸಾಕು. 1705ರಲ್ಲಿ ಎಂಬತ್ತಾರು ದಾಟಿದ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ಆ ಕೋಟೆಗೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ಕಾದಾಡಿ ಕೋಟೆ ಹಿಡಿದ, ಆದರೆ ನಾಯಕ ಕೈಗೆ ಸಿಗಲಿಲ್ಲ. ಆ ಬಾದಶಹನ ಕೊನೆಯ ಮುತ್ತಿಗೆ ಅದು.

ನಾವು ಹೋದದ್ದು ಊರ ಮೇಲಿನ ಗುಡ್ಡದಲ್ಲಿರುವ ಟೇಲರ್ ಮಂಜಿಲ್ ನೋಡಲು. ಫಿಲಿಪ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷಿನವನು ಕಟ್ಟಿಸಿದ ಬಂಗಲೆ. ಜಗಲಿಯಲ್ಲಿ ನಿಂತರೆ ಕೆಳಗೆ ಊರು, ಸುತ್ತ ಬಂಡೆಗುಡ್ಡ, ಆಚೆ ಬಯಲು.

ಈ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ತಂದೆಯ ವ್ಯಾಪಾರ ಮುರಿದುಬಿತ್ತು. 1824ರಲ್ಲಿ, ಇನ್ನೂ ಹದಿನೈದು ವರ್ಷದವನಿದ್ದಾಗ, ಮುಂಬಯಿಯ ಒಬ್ಬ ವ್ಯಾಪಾರಿಯ ಹತ್ತಿರ ಕೆಲಸಕ್ಕೆಂದು ಹಡಗು ಹತ್ತಿದ. ಮಕ್ಕಳೇ, ನಿಮ್ಮ ಒಂಬತ್ತನೇ ತರಗತಿಯ ವಯಸ್ಸು! ಇಲ್ಲಿ ಬಂದು ನೋಡಿದರೆ ಆ ವ್ಯಾಪಾರಿಯ ಅಂಗಡಿಯೂ ಮುಳುಗುತ್ತಿತ್ತು. ಕೊನೆಗೆ ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಅಧಿಕಾರಿಯ ಕೆಲಸ ಸಿಕ್ಕಿತು. ಹುಡುಗ ಸುಮ್ಮನೆ ಕೂಡಲಿಲ್ಲ. ಹಿಂದೂಸ್ತಾನಿ, ಪಾರ್ಸಿ, ಮರಾಠಿ ಕಲಿತ. ಪೊಲೀಸ್ ಕೆಲಸ ಮಾಡಿದ, ಸಂತೆ-ಬಜಾರು ನೋಡಿಕೊಂಡ. ದಾರಿಗಳ್ಳರಾದ ಥಗ್ಗರ ಮೇಲೆ ಬರೆದ ಅವನ ಕಾದಂಬರಿ 1839ರಲ್ಲಿ ಬಂದು ಇಂಗ್ಲೆಂಡಿನಲ್ಲಿ ಭಾರೀ ಹೆಸರು ಮಾಡಿತು. ಮದುವೆಯಾದದ್ದು ಹೈದರಾಬಾದಿನ ವಿಲಿಯಂ ಪಾಮರ್ ಎಂಬ ಸಾಹುಕಾರನ ಮಗಳನ್ನು. ಈ ಪಾಮರನ ಸಾಲದ ಕೋಠಿ ನಿಜಾಮರಿಗೇ ಸಾಲ ಕೊಟ್ಟು ಕೊನೆಗೆ ದಿವಾಳಿಯಾದದ್ದು. ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದ ನನಗೆ ಆ ಕಥೆಯೂ ರುಚಿಯೇ, ಆದರೆ ಅದು ಬೇರೆ ದಿನಕ್ಕಿರಲಿ.

1840ರ ದಶಕದ ಮೊದಲಲ್ಲಿ ಸುರಪುರದ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪ ನಾಯಕ ಏಳೆಂಟು ವರ್ಷದ ಕೂಸು. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಚಿಕ್ಕಪ್ಪ ಪಿಡ್ಡನಾಯಕ ಇನ್ನೊಂದು ಕಡೆ. ಆಡಳಿತ ಯಾರ ಕೈಲಿರಬೇಕೆಂದು ಜಗಳ. ಮೇಲೆ ನಿಜಾಮರಿಗೆ ಕೊಡಬೇಕಾದ ಕಾಣಿಕೆಯ ಬಾಕಿ. ಇದನ್ನೆಲ್ಲ ಸರಿಪಡಿಸಲು ಬ್ರಿಟಿಷರು ಕಳಿಸಿದವನು ಟೇಲರ್. ಆಯುಧ ಹಿಡಿದ ಸಾವಿರಾರು ಬೇಡರ ಊರಿಗೆ ಸ್ವಲ್ಪವೇ ಜನರೊಂದಿಗೆ ಬಂದ. ಗುಂಡು ಹಾರಿಸುವುದಕ್ಕಿಂತ ಮಾತಾಡುವುದನ್ನೇ ಹೆಚ್ಚು ಮಾಡಿದ.

1853ರವರೆಗೂ ಸೀಮೆ ಅವನ ಕೈಲಿತ್ತು. ಕಂದಾಯದ ಲೆಕ್ಕ ಹದಕ್ಕೆ ತಂದ, ನ್ಯಾಯ ಹೇಳಿದ, ರಸ್ತೆ ಹಾಕಿಸಿದ, ಕೆರೆ ಕಡೆ ಗಮನ ಕೊಟ್ಟ. ಈಗ ಪಕ್ಷಿಧಾಮವಾಗಿರುವ ಬೋನಾಳ ಕೆರೆ ನಾಯಕ ಅರಸರು ಕಟ್ಟಿಸಿದ್ದು, ಟೇಲರ್ ಅದನ್ನು ಸುಧಾರಿಸಿದ ಎನ್ನುತ್ತಾರೆ. ಬಿಡುವಾದಾಗ ಗುಡ್ಡ ಸುತ್ತಿ ಹಳೆಯ ಕಲ್ಲುಗೋರಿ ಹುಡುಕುತ್ತಿದ್ದ. ರಾಜನಕೋಳೂರಿನ ಹತ್ತಿರ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ‘ಮೋರ್ಯರ ಮನೆ’ಗಳಿವೆಯಲ್ಲ, ಅವು ಬಹಳ ಪ್ರಾಚೀನ ಕಾಲದ ಜನರ ಸಮಾಧಿ ನೆಲೆಗಳೆಂದು ಅಳತೆ ಸಮೇತ ಬರೆದು ಲೋಕಕ್ಕೆ ತಿಳಿಸಿದವರಲ್ಲಿ ಅವನೇ ಮೊದಲಿಗ. ಜನ ‘ಮೆಡೋಸ್’ ಎನ್ನಲಾಗದೆ ‘ಮಹಾದೇವ ಬಾಬಾ’ ಎಂದರು.

ಹುಡುಗ ದೊರೆ ಅವನನ್ನು ಕರೆಯುತ್ತಿದ್ದದ್ದು ‘ಅಪ್ಪಾ’ ಎಂದು.

ಇದನ್ನು ಹೇಳಿದಾಗ ಮೊಮ್ಮಗ ತಡೆದ. “ಮುತ್ಯಾ, ಅಂವ ಬ್ರಿಟಿಷರಂವ ಅಲ್ಲೇನು? ಮತ್ತ ಅಪ್ಪಾ ಅಂತ ಯಾಕ ಕರೀತಿದ್ದ?”

“ಅಪ್ಪ ಇರಲಿಲ್ಲಲೇ ಹುಡುಗಗ. ಇಂವ ಜೋಪಾನ ಮಾಡಿದ, ಅದಕ್ಕ ಕರದಾನ” ಎಂದೆ. ಮೊಮ್ಮಗನ ಮುಖ ನೋಡಿದರೆ ಉತ್ತರ ಸಾಕಾದಂತೆ ಕಾಣಲಿಲ್ಲ. ನನಗೂ ಪೂರ್ತಿ ಸಾಕಾಗಿಲ್ಲ. ಟೇಲರ್ ಒಳ್ಳೆಯವನಾಗಿದ್ದ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಒಳ್ಳೆಯತನ ಬಂದದ್ದು ಕಂಪನಿ ಸರಕಾರದ ಹುಕುಂ ಹಿಡಿದುಕೊಂಡು.

1853ರಲ್ಲಿ ಹರೆಯಕ್ಕೆ ಬಂದ ರಾಜನಿಗೆ ಆಡಳಿತ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಹೋದ, ಅಲ್ಲಿಂದ ವರ್ಹಾಡಕ್ಕೆ. 1857ರ ಬಂಡಾಯ ಎದ್ದಾಗ ‘ಅಪ್ಪ’ ಹತ್ತಿರವಿರಲಿಲ್ಲ. ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ದಂಡು ಕೂಡಿಸಿದ. 1858ರ ಫೆಬ್ರವರಿಯಲ್ಲಿ ಕಂಪನಿಯ ಪಡೆಗಳು ಸುರಪುರಕ್ಕೆ ಬಂದವು. ಬೇಡರು ಬಂಡೆಗಳ ಮರೆಯಿಂದ ಕಾದರು. ಮದ್ರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆ ರಾತ್ರಿಯೇ ರಾಜ ಕೆಲವೇ ಸವಾರರ ಜೊತೆ ಹೈದರಾಬಾದಿಗೆ ಪಾರಾದ. ಅಲ್ಲಿ ಆಸರೆ ಸಿಗಲಿಲ್ಲ, ಸೆರೆ ಸಿಕ್ಕಿತು.

ಸೆರೆಮನೆಗೆ ಟೇಲರ್ ನೋಡಲು ಹೋದ. ಹುಡುಗ ‘ಅಪ್ಪಾ’ ಎಂದು ತಬ್ಬಿಕೊಂಡು ಅತ್ತನಂತೆ. ತೋಪಿನ ಬಾಯಿಗೆ ಕಟ್ಟಿದರೂ ಹೆದರುವುದಿಲ್ಲ, ಆದರೆ ಕಳ್ಳನ ಹಾಗೆ ನೇಣು ಹಾಕಬೇಡಿರಿ, ಸೆರೆಯಲ್ಲಿಡುವುದೂ ಬೇಡ, ಒಬ್ಬ ಸಾಮಾನ್ಯ ಬೇಡನೂ ಅದನ್ನು ತಾಳುವುದಿಲ್ಲ ಎಂಬ ಅರ್ಥದ ಮಾತು ಹೇಳಿದನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮರಣದಂಡನೆ ಮೊದಲು ಗಡೀಪಾರಾಯಿತು, ಆಮೇಲೆ ಮದ್ರಾಸ್ ಕಡೆಯ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಚೆನ್ನಾಗಿ ನಡೆದುಕೊಂಡರೆ ರಾಜ್ಯ ಮರಳಿ ಸಿಗುವ ಆಸೆಯೂ ಇತ್ತು. ಆದರೆ ದಾರಿಯಲ್ಲೇ, ಕಾವಲಿದ್ದ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ರಾಜ ಸತ್ತ. ತಾನೇ ಹೊಡೆದುಕೊಂಡ ಎಂದು ಬ್ರಿಟಿಷರ ದಾಖಲೆ. ಬ್ರಿಟಿಷರೇ ಕೊಂದರು ಎಂದು ನಮ್ಮ ಕಡೆಯ ಮಾತು. ಇಪ್ಪತ್ತನಾಲ್ಕನೇ ವರ್ಷಕ್ಕೆ ಗಂಡಾಂತರವೆಂದು ಜಾತಕದಲ್ಲಿ ಇದ್ದದ್ದನ್ನು ಈಶ್ವರಮ್ಮ ಹಿಂದೆಯೇ ಟೇಲರನಿಗೆ ತೋರಿಸಿದ್ದಳಂತೆ. ಜಾತಕ ನಾನು ನಂಬುವವನಲ್ಲ. ಆ ತಾಯಿಯ ಹೆದರಿಕೆಯನ್ನು ಮಾತ್ರ ನಂಬುತ್ತೇನೆ.

1860ರಲ್ಲಿ ಸುರಪುರ ಸೀಮೆ ನಿಜಾಮರ ಪಾಲಾಯಿತು, ಸಂಸ್ಥಾನ ಮುಗಿಯಿತು. ಅದೇ ವರ್ಷ ಟೇಲರನೂ ಊರಿಗೆ ಮರಳಿದ. ಮುಪ್ಪಿನಲ್ಲಿ, ಕಣ್ಣು ಮಂಜಾದ ಮೇಲೂ, ಮತ್ತೆ ಒಮ್ಮೆ ಹೈದರಾಬಾದಿಗೆ ಬಂದುಹೋದ. ತಿರುಗಿ ಹೋಗುವಾಗ 1876ರ ಮೇ ತಿಂಗಳಲ್ಲಿ ಫ್ರಾನ್ಸಿನ ಮಾಂಟೋನ್ ಎಂಬಲ್ಲಿ ತೀರಿಕೊಂಡ. ಆತ್ಮಕಥೆ ಪುಸ್ತಕವಾಗಿ ಬಂದದ್ದು ಮರುವರ್ಷ.

ಹೋಗುವವರಿಗೆ ಎರಡು ಮಾತು. ಬೇಸಿಗೆಯಲ್ಲಿ ಹೋಗಬೇಡಿರಿ, ಬಂಡೆ ಕಾದ ಹಂಚಿನಂತೆ ಸುಡುತ್ತದೆ. ಚಳಿಗಾಲದಲ್ಲಾದರೆ ಬೋನಾಳ ಕೆರೆಗೆ ವಲಸೆ ಹಕ್ಕಿಗಳೂ ಬಂದಿರುತ್ತವೆ. ರಾಜನಕೋಳೂರಿಗೆ ಹೋಗುವುದಾದರೆ ನೀರು, ಬುತ್ತಿ ಕಟ್ಟಿಕೊಳ್ಳಿ. ಮೋರ್ಯರ ಮನೆಯ ಚಪ್ಪಡಿಗಳ ಮೇಲೆ ಮಕ್ಕಳು ಹತ್ತದಂತೆ ನೋಡಿಕೊಳ್ಳಿ. ಮಂಜಿಲ್ ಸರಕಾರಿ ಅತಿಥಿಗೃಹ. ಒಳಗೆ ಸಾಹೇಬರು ಯಾರಾದರೂ ಇಳಿದುಕೊಂಡಿದ್ದರೆ ಕಾವಲುಗಾರನಿಗೆ ಹೇಳಿ ಹೊರಗಿನ ಜಗಲಿಯಲ್ಲಾದರೂ ಸ್ವಲ್ಪ ಹೊತ್ತು ನಿಂತು ಬನ್ನಿ.